ಹಿರಿಯರ ಮನೆಗಳಿಗೆ ಜಯಂತಿ ಒಂದೇ ಹಬ್ಬವೇ?



ನಾನು ಚಂದಕವಾಡಿಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿರುವವನು. ಪಿಯುಸಿಗೇ ಓದು ಬಿಟ್ಟು ಅಪ್ಪನ ಟ್ರೆಡಲ್ ಮಷೀನಿನ ಮುಂದೆ ನಿಂತವನು. ಲಗ್ನಪತ್ರಿಕೆ, ತಿಥಿ ಕಾರ್ಡು, ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ, ನವೆಂಬರ್ ಬಂದರೆ ರಾಜ್ಯೋತ್ಸವದ ಪೋಸ್ಟರು, ಇವೇ ನನ್ನ ಅನ್ನ. ಸಾಹಿತಿಗಳ ಹಾಗೆ ಮಾತಾಡುವುದು ನನಗೆ ಬರುವುದಿಲ್ಲ. ಆದರೆ ಆಹ್ವಾನ ಪತ್ರಿಕೆಯ ವಿಷಯದಲ್ಲಿ ಮಾತ್ರ ನನಗೆ ತಿಳಿದಷ್ಟು ಈ ನಾಡಿನ ಎಷ್ಟೋ ಗಣ್ಯಾತಿಗಣ್ಯರಿಗೆ ತಿಳಿದಿರಲಿಕ್ಕಿಲ್ಲ!

ಕೆಲವು ವರ್ಷಗಳ ಹಿಂದಿನ ಮಾತು. ಬೇರೊಂದು ಜಿಲ್ಲೆಯಲ್ಲಿ, ಹೆಸರು ಬೇಡ, ಒಬ್ಬ ಹಿರಿಯರ ಸ್ಮಾರಕ ಮನೆಯಲ್ಲಿ ಜಯಂತಿ ಇತ್ತು. ಸಮಿತಿಯಲ್ಲಿ ನಮ್ಮ ಕಡೆಯವರೊಬ್ಬರು ಇದ್ದುದರಿಂದ ಕಾರ್ಡಿನ ಕೆಲಸ ನನ್ನ ಕೈಗೆ ಬಂತು. ಅದೂ ಜಯಂತಿಗೆ ಮೂರು ದಿನ ಇರುವಾಗ! ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು... ಎಣಿಸಿದೆ, ಮೂವತ್ತೆಂಟು ಹೆಸರು. ಅಡಿಯಲ್ಲಿ ಒಂದು ಸಾಲು, ನಮ್ಮ ಸೀಮೆಯ ಒಬ್ಬ ನೀಲಗಾರರಿಂದ ಮಂಟೇಸ್ವಾಮಿ ಕಥಾಗಾಯನ. ಪ್ರೂಫ್ ಮೂರು ಸಲ ತಿದ್ದುಪಡಿಯಾಗಿ ಬಂತು. ಮೂರು ಸಲವೂ ತಿದ್ದಿದ್ದು ಗಣ್ಯರ ಹೆಸರಿನ ಹಿಂದು ಮುಂದನ್ನು. ಕೊನೆಯಲ್ಲಿ ಇನ್ನಿಬ್ಬರ ಹೆಸರು ಸೇರಿಸಬೇಕಾಗಿ ಬಂದು ಜಾಗ ಸಾಲಲಿಲ್ಲ. ಏನು ತೆಗೆಯಲಿ ಎಂದು ಫೋನಿನಲ್ಲಿ ಕೇಳಿದೆ. "ಆ ಹಾಡುವವರದ್ದು ತೆಗೆದು 'ಸಾಂಸ್ಕೃತಿಕ ಕಾರ್ಯಕ್ರಮ' ಅಂತ ಹಾಕಿಬಿಡಿ" ಅಂದರು. ಹಾಕಿಬಿಟ್ಟೆ. ಅಳಿಸಿದ ಬೆರಳು ನನ್ನದೇ.

ಮಾರನೇ ದಿನ ಆ ನೀಲಗಾರರು ಮೊಮ್ಮಗನ ಕೈ ಹಿಡಿದುಕೊಂಡು ಪ್ರೆಸ್ಸಿಗೆ ಬಂದರು. ನೆಂಟರಿಗೆ ಕೊಡಲು ಐದು ಕಾರ್ಡು ಬೇಕಂತೆ. ಹುಡುಗ ಕಾರ್ಡನ್ನು ತಿರುವಿ ತಿರುವಿ ನೋಡಿ, "ತಾತ, ನಿನ್ ಹೆಸರಿಲ್ಲ ಕನ" ಅಂದ. ಅವರು ನಕ್ಕು, "ಇರ್ಲಿ ಬುಡು ಮಗ" ಅಂತ ಐದು ಕಾರ್ಡನ್ನೂ ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡು ಹೊರಟರು. ನಾನು ಕಾಸು ತೆಗೆದುಕೊಳ್ಳಲಿಲ್ಲ. ಅದರಿಂದ ಏನು ಸಮಾಧಾನ ಬಂತು?

ಅಂದಿನಿಂದ ನನಗೆ ಒಂದು ಚಟ ಹತ್ತಿದೆ. ನಾಡಿನ ಹಿರಿಯರ ಮನೆಗಳಲ್ಲಿ ವರ್ಷಕ್ಕೆ ಏನೇನು ನಡೆಯುತ್ತದೆ, ಯಾವಾಗ ನಡೆಯುತ್ತದೆ, ಯಾರಿಗಾಗಿ ನಡೆಯುತ್ತದೆ ಎಂದು ನೋಡುವುದು.

ಕುಪ್ಪಳಿಯನ್ನೇ ತೆಗೆದುಕೊಳ್ಳಿ. ಕುವೆಂಪು ಅವರು ಬೆಳೆದ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಜತನದಿಂದ ಕಾಪಾಡಿ ವಸ್ತುಸಂಗ್ರಹಾಲಯ ಮಾಡಿದೆ. ಅದರ ಬಗ್ಗೆ ಕೊಂಕು ಮಾತಾಡಿದರೆ ನಾಲಿಗೆ ಬಿದ್ದು ಹೋದೀತು. ಡಿಸೆಂಬರ್ 29 ಅವರು ಹುಟ್ಟಿದ ದಿನ. ಸರ್ಕಾರ 2015ರಲ್ಲಿ ಆ ದಿನವನ್ನು ವಿಶ್ವಮಾನವ ದಿನವೆಂದು ಸಾರಿತು. ಅದೇ ವರ್ಷ ನವೆಂಬರಿನಲ್ಲಿ ಕಳ್ಳರು ಅದೇ ಮನೆಗೆ ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಹೊತ್ತೊಯ್ದಿದ್ದರು! ಅದಿರಲಿ. ಡಿಸೆಂಬರ್ ಎಂದರೆ ಶಾಲಾ ಪ್ರವಾಸದ ಕಾಲವೂ ಹೌದು. ಹಾಗಾಗಿ ಕುಪ್ಪಳಿಗೆ ದಿನಾಂಕವೂ ಜನವೂ ಕೂಡಿಬಂದಿವೆ.

ನಮ್ಮ ಹೋಬಳಿಯ ಮಕ್ಕಳ ಜೊತೆ ನಾನೂ ಒಮ್ಮೆ ಹೋಗಿದ್ದೆ. ರಾತ್ರಿಯಿಡೀ ಬಸ್ಸು. ಮಕ್ಕಳು ತೊಟ್ಟಿ, ಮರದ ಕಂಬ, ಹಳೆಯ ಪಾತ್ರೆ ಪರಟಿ, ಬೇಸಾಯದ ಸಲಕರಣೆ ಎಲ್ಲವನ್ನೂ ಕಾಲು ಗಂಟೆಯಲ್ಲಿ ಮುಗಿಸಿ ಕವಿಶೈಲದ ಕಡೆ ಓಡಿದರು. ಅಷ್ಟರಲ್ಲಿ ಒಬ್ಬಳು ಹುಡುಗಿ ನನ್ನ ಅಂಗಿ ಜಗ್ಗಿ ಕೇಳಿದಳು: "ಮಾವ, ಮಳೆಗಾಲದಲ್ಲಿ ಇವರು ಬಟ್ಟೆ ಎಲ್ಲಿ ಒಣಗಾಕೋರು?"

ನಾನು ಬೆಪ್ಪಾದೆ. ಮಳೆಗಾಗಿ ಆಕಾಶ ನೋಡುವ ಸೀಮೆಯ ಮಗು ಅದು. ಮಲೆನಾಡಿನ ಮನೆ ಕಟ್ಟಿರುವುದೇ ಮಳೆಗಾಗಿ. ಆ ಇಳಿಜಾರು ಮಾಡು, ಆ ಅಗಲದ ಜಗಲಿ, ಒಲೆಯ ಮೇಲಿನ ಅಟ್ಟ ಎಲ್ಲಕ್ಕೂ ಅರ್ಥ ಬರುವುದು ಜೂನ್-ಜುಲೈನಲ್ಲಿ. ಕವಿಯ ಬರಹದ ತುಂಬ ಮಳೆಯೇ ಮಳೆ. ನಾವು ಮಾತ್ರ ಬಿಸಿಲಿಗೆ ಹೋಗಿ ಬಿಸಿಲಿಗೆ ಬರುತ್ತೇವೆ! ಕಂಬಳಿ ಕೊಪ್ಪೆ ಹಾಕಿಕೊಂಡು, ಗೊರಬು ಹೊತ್ತು, ಜಗಲಿಯಲ್ಲಿ ಕೂತು ಮಳೆಯ ಸದ್ದಿನ ನಡುವೆ ಯಾರಾದರೂ ನಾಲ್ಕು ಪುಟ ಓದಿ ಹೇಳಿದರೆ ಆ ಹುಡುಗಿಗೆ ಉತ್ತರ ಸಿಗುತ್ತಿತ್ತು. ಅದಕ್ಕೆ ಶಾಮಿಯಾನ ಬೇಕೆ? ಮೂವತ್ತೆಂಟು ಗಣ್ಯರು ಬೇಕೆ?

ದಿನಾಂಕ ಕೂಡಿಬಾರದ ಮನೆಯ ಗತಿ ನೋಡಿ. ಮಂಜೇಶ್ವರ ಗೋವಿಂದ ಪೈಗಳು ನಮ್ಮ ಮೊದಲ ರಾಷ್ಟ್ರಕವಿ. 1949ರಲ್ಲಿ ಆ ಬಿರುದು ಕೊಟ್ಟಿದ್ದು ಮದ್ರಾಸು ಸರ್ಕಾರ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಪೈಗಳ ಮನೆಯೂ ಹೋಯಿತು. ಆ ಮನೆಯೀಗ ಅವರದೇ ಕವನ ಸಂಕಲನದ ಹೆಸರು ಹೊತ್ತು 'ಗಿಳಿವಿಂಡು' ಸ್ಮಾರಕವಾಗಿದೆ. ಅವರು ಹುಟ್ಟಿದ್ದು 1883ರ ಮಾರ್ಚ್ 23. ಮಾರ್ಚ್ ಎಂದರೆ ಕೇರಳದಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾಲ! ಗಡಿಯಾಚೆಯ ಕನ್ನಡ ಶಾಲೆಯ ಮಕ್ಕಳಿಗೆ ಆ ಮನೆ ಯಾರಿಗಿಂತಲೂ ಹೆಚ್ಚು ಬೇಕು. ಆ ಮಕ್ಕಳು ಪುಸ್ತಕದಿಂದ ತಲೆ ಎತ್ತಲಾಗದ ವಾರದಲ್ಲೇ ನಾವು ಹಾರ ಹಿಡಿದುಕೊಂಡು ನಿಂತರೆ ಬರುವವರು ಯಾರು ಸ್ವಾಮಿ? ಹುಟ್ಟಿದ ದಿನ ಬೇರೆ, ಜನ ಬರುವ ದಿನ ಬೇರೆ. ಇಷ್ಟು ಸಣ್ಣ ಲೆಕ್ಕ ನಮ್ಮ ದೊಡ್ಡವರಿಗೆ ಹೊಳೆಯುವುದಿಲ್ಲವೇ?

ಹೊಳೆದವರೂ ಇದ್ದರು. ಪುತ್ತೂರು ಮದ್ರಾಸು ಪ್ರಾಂತ್ಯದಲ್ಲಿದ್ದ ಕಾಲಕ್ಕೆ, 1930ರ ದಶಕದಲ್ಲಿ, ಮೊಳಹಳ್ಳಿ ಶಿವರಾಯರು ಮತ್ತು ಶಿವರಾಮ ಕಾರಂತರು ಅಲ್ಲಿ ದಸರಾ ನಾಡಹಬ್ಬ ನಡೆಸಿದರು. ಕನ್ನಡಕ್ಕೆ ತನ್ನದೆಂಬ ಸರ್ಕಾರ ಇರಲಿಲ್ಲ, ಅನುದಾನ ಎಂಬ ಮಾತು ಇರಲಿಲ್ಲ. ಜನ ಹೇಗೂ ಹಬ್ಬದ ಹುರುಪಿನಲ್ಲಿ ಇರುತ್ತಾರೆ, ಆ ಹುರುಪಿಗೆ ಕನ್ನಡ ಸೇರಿಸೋಣ ಎಂದರು. ಇಷ್ಟೇ ಉಪಾಯ! ಕಾರಂತರ ಬಾಲವನದಲ್ಲಿ ಅವರ ಮನೆ, ನಾಟ್ಯಶಾಲೆ ಇಂದಿಗೂ ಇವೆ. ಅಕ್ಟೋಬರ್ 10 ಅವರ ಹುಟ್ಟುಹಬ್ಬ, ದಸರೆಯ ಆಸುಪಾಸು.

ಅದೇ ಅಕ್ಟೋಬರ್ 10 ಆರ್.ಕೆ. ನಾರಾಯಣ್ ಹುಟ್ಟಿದ ದಿನವೂ ಹೌದು. ಮೈಸೂರಿನ ಯಾದವಗಿರಿಯಲ್ಲಿ ಅವರ ಮನೆಯನ್ನು 2011ರಲ್ಲಿ ಕೆಡವಲು ಹೊರಟಾಗ ಗಲಾಟೆಯಾಗಿ, ಉಳಿದು, 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಇಂಗ್ಲಿಷಿನಲ್ಲಿ ಬರೆದವರಿಗೆ ಕನ್ನಡಿಗರ ತೆರಿಗೆ ಹಣ ಏಕೆ ಎಂದು ಕೆಲವು ಕನ್ನಡ ಲೇಖಕರು ಕೇಳಿದ್ದರು. ಕೇಳಿದ್ದು ತಪ್ಪಲ್ಲ. ಈ ಪತ್ರಿಕೆಯ ಕೆಲವು ಗೆಳೆಯರಿಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇನೆ: ಮನೆ ಉಳಿದದ್ದು ಒಳ್ಳೆಯದೇ ಆಯಿತು. ದಸರೆಗೆ ಮೈಸೂರು ತುಂಬಿ ತುಳುಕುವಾಗ ಆ ಅಂಗಳದಲ್ಲಿ ಕನ್ನಡದಲ್ಲಿ ಕಥೆ ಹೇಳಿಸಿ ಎಂದು ಪಟ್ಟು ಹಿಡಿಯುವುದು ನಮ್ಮ ಕೆಲಸ.

ಊರೂರು ಸುತ್ತಿ ಬುದ್ಧಿ ಹೇಳುವ ಬದಲು ಈಗ ನಮ್ಮ ಕಾಲಬುಡಕ್ಕೆ ಬರೋಣ.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅಲ್ಲಿ 1774ರಲ್ಲಿ ಹುಟ್ಟಿದ ಮಗು ಮುಂದೆ ಚಾಮರಾಜ ಒಡೆಯರು ಎನಿಸಿತು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ 1818ರಲ್ಲಿ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ತಂದೆ ಹುಟ್ಟಿದ ಮನೆಯ ನೆನಪಾಗಿ ನಿಂತಿರುವುದು ಜನನ ಮಂಟಪ. ಒಂದು ಇಡೀ ಜಿಲ್ಲೆಗೆ ಹೆಸರು ಕೊಟ್ಟ ಮನೆ ಅದು!

ಇನ್ನು ನಮ್ಮ ಆಷಾಢದ ತೇರನ್ನು ನಿಮಗೆ ನಾನು ವರ್ಣಿಸಬೇಕೆ? ಬೇರೆ ಕಡೆ ಆಷಾಢದಲ್ಲಿ ಶುಭಕಾರ್ಯವೇ ಇಲ್ಲ, ನಮ್ಮಲ್ಲಿ ಚಾಮರಾಜೇಶ್ವರನ ರಥೋತ್ಸವ. ಆಷಾಢಕ್ಕೆಂದು ತವರಿಗೆ ಹೋದ ಹೊಸ ಮದುವಣಗಿತ್ತಿ ಗಂಡನ ಜೊತೆ ತೇರಿಗೆ ಬಂದು ಹಣ್ಣು-ಜವನ ಎಸೆಯುತ್ತಾಳೆ. 2017ರಲ್ಲಿ ಯಾರೋ ದುಷ್ಟರು ತೇರಿಗೆ ಬೆಂಕಿ ಇಟ್ಟ ಮೇಲೆ ಹೊಸ ತೇರು ಓಡಿದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಮದುವೆಯಾದ ಎಷ್ಟು ಜೋಡಿಗಳು ಪೇಚಾಡಿಕೊಂಡವು! ಲಗ್ನಪತ್ರಿಕೆ ಹಾಕಿದವನಿಗೆ ಅದು ಚೆನ್ನಾಗಿ ಗೊತ್ತು. ಕೆಲವರು ಮಗುವನ್ನು ಎತ್ತಿಕೊಂಡೇ ಹೊಸ ತೇರಿಗೆ ಹೋದರು.

ಅಂಥ ಜೋಡಿಗಳನ್ನು ನಾನು ಕೇಳುತ್ತಿರುತ್ತೇನೆ, "ತೇರಿಗೆ ಹೋಗಿದ್ರಲ್ಲ, ಜನನ ಮಂಟಪ ನೋಡಿದ್ರಾ?" ಬರುವ ಉತ್ತರ ಒಂದೇ: "ಅದೆಲ್ಲದಣ್ಣ?"

ಅವರನ್ನು ಬೈಯುವಂತಿಲ್ಲ. ಜನ ಬರುವ ದಿನ ನಾವು ಅವರನ್ನು ಕರೆದಿದ್ದೇವೆಯೇ? ಒಂದು ಕಥೆ ಇದೆ. 1776ರಲ್ಲಿ ಮೈಸೂರು ಸಿಂಹಾಸನಕ್ಕೆ ಮಗುವನ್ನು ಆರಿಸಬೇಕಾಗಿ ಬಂದಾಗ ಹೈದರಾಲಿ ಅರಸು ಮನೆತನಗಳ ಮಕ್ಕಳನ್ನು ಸೇರಿಸಿ, ಆಟಿಕೆ, ಹಣ್ಣು, ಒಡವೆ ಎಲ್ಲವನ್ನೂ ಹರಡಿಸಿದನಂತೆ. ಉಳಿದ ಮಕ್ಕಳು ತಿಂಡಿಗೂ ಆಟಿಕೆಗೂ ಮುಗಿಬಿದ್ದರೆ ನಮ್ಮ ಅರಿಕುಠಾರದ ಮಗು ಒಂದು ಕೈಯಲ್ಲಿ ಕಠಾರಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿಯಿತಂತೆ. ಇವನೇ ರಾಜ ಎಂದನಂತೆ ಹೈದರ್. ತೇರಿನ ದಿನ ಮಂಟಪದ ಮುಂದೆ ಶಾಲೆಯ ಮಕ್ಕಳಿಂದ ಇದನ್ನು ಅರ್ಧ ಗಂಟೆಯ ನಾಟಕ ಮಾಡಿಸಿ. ರಟ್ಟಿನ ಕಠಾರಿ ಒಂದು, ಸಂತೆಯ ನಿಂಬೆಹಣ್ಣು ಒಂದು, ಬೇರೆ ಖರ್ಚೇನು? ತೇರು ನೋಡಿ ಬಂದವರು ನಿಂತು ನೋಡದಿದ್ದರೆ ಕೇಳಿ.

ಆಮೇಲೆ ಅರಿಸಿನ ಕಿತ್ತು ಬೇಯಿಸಿ ಮುಗಿಯುವ ಹೊತ್ತು. ರೈತನ ಕೈಯಲ್ಲಿ ಎರಡು ಕಾಸೂ ಎರಡು ದಿನವೂ ಇರುತ್ತವೆ. ಚಿಕ್ಕಲ್ಲೂರು ಜಾತ್ರೆ ಮುಗಿಸಿದ ನೀಲಗಾರರೂ, ಮಾದಪ್ಪನ ಕಂಸಾಳೆಯವರೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗೊರುಕನವೂ ನಮ್ಮ ಜಿಲ್ಲೆಯಲ್ಲೇ ಇವೆ. ಒಂದು ಸಂಜೆ ಆ ಅಂಗಳಕ್ಕೆ ಕರೆಯಬಾರದೇ? ಬೇಸಿಗೆ ರಜೆಯಲ್ಲಿ ಗಡಿಯಾಚೆ ತಾಳವಾಡಿ ಸೀಮೆಯ ಕನ್ನಡ ಶಾಲೆಗಳ ಮಕ್ಕಳನ್ನು ಒಂದು ಬಸ್ಸು ಮಾಡಿ ಕರೆತರಬಾರದೇ? ಗಾಜನೂರಿನ ಹೆಸರು ಹೇಳಿ ಏಪ್ರಿಲ್ 24ಕ್ಕೆ ಅಣ್ಣಾವ್ರ ಫ್ಲೆಕ್ಸ್ ಕಟ್ಟುವ ನಾವು, ಆ ಸೀಮೆಯ ಮಕ್ಕಳಿಗೆ ಒಂದು ಹೊತ್ತು ಊಟ ಹಾಕಿ ಕಥೆ ಹೇಳಲಾರೆವೇ?

ಇದು ಸರ್ಕಾರ ಮಾಡಲಿ ಎಂದು ಕೂತರೆ ಕಾರ್ಡು ಮತ್ತೆ ಮೂರು ದಿನ ಮುಂಚೆ ಬರುತ್ತದೆ, ಮೂವತ್ತೆಂಟು ಹೆಸರಿನ ಸಮೇತ. ನಮ್ಮ ಸಂಘಟನೆಯ ಗೆಳೆಯರು ಸಂಬಂಧಪಟ್ಟ ಇಲಾಖೆಯಿಂದ ಮೊದಲೇ ಅನುಮತಿ ಪಡೆದು ವರ್ಷದ ನಾಲ್ಕಾರು ದಿನಗಳನ್ನು ಗೊತ್ತು ಮಾಡಲಿ. ಯುಗಾದಿಗೆ ಮುಂಚೆ ಆ ದಿನಗಳ ಒಂದು ಕಾರ್ಡು ಹೋಬಳಿಯ ಮನೆಮನೆಗೆ ಹೋಗಲಿ. ಏನು ನಡೆಯುತ್ತದೆ, ಎಷ್ಟು ಹೊತ್ತಿಗೆ, ವಾಪಸ್ ಬರಲು ಕೊನೆಯ ಬಸ್ಸು ಎಷ್ಟಕ್ಕೆ, ಇಷ್ಟು ಇದ್ದರೆ ಸಾಕು. ಉದ್ಘಾಟಕರ ಹೆಸರು ಬೇಡ.

ಕಾಗದ, ಶಾಯಿ, ಕೂಲಿ ನನ್ನದು. ಸಾವಿರ ಕಾರ್ಡು ಪುಕ್ಕಟೆ ಹಾಕಿಕೊಡುತ್ತೇನೆ, ಹಿಂದೆ ಬರೆಯಲು ಜಾಗವನ್ನೂ ಬಿಡುತ್ತೇನೆ. ದಿನಾಂಕಗಳನ್ನು ಒಂದು ತಿಂಗಳು ಮುಂಚೆ ತಂದುಕೊಡಿ. ಕಥಾಗಾಯನದ ಸಾಲಿಗೆ ಆ ನೀಲಗಾರರ ಹೆಸರನ್ನು ಈಗಲೇ ಕಂಪ್ಯೂಟರಿನಲ್ಲಿ ಟೈಪು ಮಾಡಿ ಇಟ್ಟಿದ್ದೇನೆ, ಹದಿನೆಂಟು ಪಾಯಿಂಟ್ ದಪ್ಪ ಅಕ್ಷರದಲ್ಲಿ.