ಬೆಕ್ಕಿಗೆ ಮನೆಯಲ್ಲೇ ತಿಂಡಿ ಮಾಡುತ್ತೀರಾ? ಈರುಳ್ಳಿ ಬೆಂದಿದ್ದರೂ ವಿಷವೇ

‘ಪ್ಯಾಕೆಟ್ ತಿಂಡಿಯಲ್ಲಿ ಬರೀ ಕೆಮಿಕಲ್, ಬೆಕ್ಕಿಗೆ ಮನೆಯಲ್ಲೇ ಮಾಡಿಕೊಡಿ’ ಎನ್ನುವ ಸಂದೇಶಗಳು ನಮ್ಮ ಫೋನಿಗೂ ಬರುತ್ತವೆ. ಮನೆಯಲ್ಲಿ ಮಾಡುವುದು ತಪ್ಪೇನಲ್ಲ. ನಮಗೆ ಒಗ್ಗಿದ್ದು ಬೆಕ್ಕಿಗೂ ಒಗ್ಗುತ್ತದೆ ಎಂದುಕೊಳ್ಳುವುದರಲ್ಲೇ ಅಪಾಯವಿದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಈರುಳ್ಳಿ, ಬೆಳ್ಳುಳ್ಳಿಯ ವಿಷಯದಲ್ಲಿ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ಬೆಕ್ಕಿನ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ ಅನ್ನು ಕೆಡಿಸುತ್ತವೆ, ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತದೆ. ದೇಹತೂಕದ ಪ್ರತಿ ಕಿಲೋಗೆ 5 ಗ್ರಾಂ ಈರುಳ್ಳಿ ಸಾಕು, ಅಂದರೆ 4 ಕಿಲೋ ಬೆಕ್ಕಿಗೆ 20 ಗ್ರಾಂ. ‘ಬೇಯಿಸಿದರೆ ವಿಷ ಹೋಗುತ್ತದೆ’ ಎಂಬುದು ಸುಳ್ಳು. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಉಳಿಯುತ್ತದೆ. ದಿನವೂ ಸ್ವಲ್ಪಸ್ವಲ್ಪ ತಿಂದರೂ ಹಾನಿಯೇ. ಹಾಗಾಗಿ ಸಾರಿನಲ್ಲಿ ಬೆಂದ ಚಿಕನ್ ತುಂಡನ್ನು ತೊಳೆದು ಕೊಡುವ ಅಭ್ಯಾಸವೂ ಬೇಡ. ಲಕ್ಷಣಗಳು ಕಾಣಿಸಿಕೊಳ್ಳಲು ಕೆಲವು ದಿನ ಹಿಡಿಯಬಹುದು. ಆದ್ದರಿಂದ ಬೆಕ್ಕು ಮಂಕಾದಾಗ ಹಿಂದಿನ ವಾರದ ಊಟ ಯಾರಿಗೂ ನೆನಪಾಗುವುದಿಲ್ಲ.

ಇನ್ನು ಹಾಲು. ಮರಿಗಳಿಗೆ ತಾಯಿಯ ಹಾಲು ಜೀರ್ಣವಾಗುತ್ತದೆ. ಬೆಳೆದಂತೆ ಲ್ಯಾಕ್ಟೋಸ್ ಒಡೆಯುವ ಕಿಣ್ವ ಕಡಿಮೆಯಾಗುವುದರಿಂದ ಎಷ್ಟೋ ಬೆಕ್ಕುಗಳಿಗೆ ಹಸುವಿನ ಹಾಲು ಕುಡಿದರೆ ಭೇದಿಯಾಗುತ್ತದೆ. ಬೆಲ್ಲ, ಸಕ್ಕರೆ ಹಾಕಿ ಬಿಸ್ಕತ್ತು ಮಾಡುವುದಂತೂ ವ್ಯರ್ಥ ಶ್ರಮ! ಬೆಕ್ಕಿಗೆ ಸಿಹಿ ರುಚಿಯೇ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಗ್ರಾಹಕಕ್ಕೆ ಬೇಕಾದ ಜೀನ್ ಅದರಲ್ಲಿ ಕೆಲಸ ಮಾಡುತ್ತಿಲ್ಲ ಎಂದು 2005ರಲ್ಲೇ ಗೊತ್ತಾಗಿದೆ. ‘ನಮ್ಮ ಬೆಕ್ಕು ಐಸ್‌ಕ್ರೀಂ ನೆಕ್ಕುತ್ತಲ್ಲ’ ಎನ್ನುತ್ತೀರಾ? ಅದು ಬಹುಶಃ ಕೊಬ್ಬಿನ ಆಸೆ.

ಹಾಗಾದರೆ ಏನು ಕೊಡಬಹುದು? ಉಪ್ಪು, ಎಣ್ಣೆ, ಮಸಾಲೆ ಹಾಕದೆ ಬೇಯಿಸಿ ಮೂಳೆ ತೆಗೆದ ಚಿಕನ್, ಮುಳ್ಳು ಬಿಡಿಸಿದ ಬೆಂದ ಮೀನು, ಚೂರು ಬೇಯಿಸಿದ ಮೊಟ್ಟೆ. ಹಸಿ ಮೀನು ಬೇಡ. ಹಲವು ಜಾತಿಯ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ಈರುಳ್ಳಿಯ ವಿಷದಂತಲ್ಲದೆ ಇದು ಬೇಯಿಸಿದರೆ ಹೋಗುತ್ತದೆ. ಬೆಂದ ಮೂಳೆ ಚೂಪಾಗಿ ಸೀಳುವುದರಿಂದ ಅದನ್ನೂ ಹಾಕಬೇಡಿ.

ಪ್ರಮಾಣವೂ ಮುಖ್ಯ. ದಿನದ ಕ್ಯಾಲೊರಿಯಲ್ಲಿ ತಿಂಡಿಯ ಪಾಲು ಶೇ 10 ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. 4 ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಬೇಕು. ಅಂದರೆ ತಿಂಡಿಯ ಲೆಕ್ಕಕ್ಕೆ ಚರ್ಮ ತೆಗೆದ, ಬೆಂದ ಎದೆಮಾಂಸ ಸುಮಾರು 15 ಗ್ರಾಂ ಅಷ್ಟೇ.

ಇದನ್ನೇ ಮೂರು ಹೊತ್ತಿನ ಊಟ ಮಾಡುವುದು ಬೇರೆಯೇ ಮಾತು. ಬೆಕ್ಕಿನ ದೇಹ ಟಾರಿನ್ ಎಂಬ ಪೋಷಕಾಂಶವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಅದು ಕಡಿಮೆಯಾದರೆ ಕಣ್ಣಿನ ರೆಟಿನಾ ಹಾಳಾಗುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ಅಮೆರಿಕದಲ್ಲಿ ಪಾಲ್ ಪಿಯಾನ್ ಮತ್ತು ಸಂಗಡಿಗರು ಹೃದಯದ ಈ ಕಾಯಿಲೆಯ ಕಾರಣವನ್ನು 1987ರಲ್ಲಿ ಪ್ರಕಟಿಸಿದಾಗ ಸಿಕ್ಕಿಬಿದ್ದದ್ದು ಪ್ಯಾಕೆಟ್ ಆಹಾರವೇ. ಆಮೇಲೆ ತಯಾರಕರು ಟಾರಿನ್ ಹೆಚ್ಚಿಸಿದರು. ಫಾರ್ವರ್ಡ್‌ಗಳು ಬೈಯುವ ‘ಕೆಮಿಕಲ್’ಗಳಲ್ಲಿ ಇದೂ ಒಂದು. ಮಾಂಸ ಬೇಯಿಸಿದಾಗ ಟಾರಿನ್ ನೀರಿಗಿಳಿಯುತ್ತದೆ, ಆದ್ದರಿಂದ ಆ ಸಪ್ಪೆ ನೀರನ್ನು ಚೆಲ್ಲದೆ ಆರಿಸಿ ಕೊಡಿ.

ಬೆಕ್ಕು ಈರುಳ್ಳಿ ತಿಂದಿದೆ ಎಂದು ಗೊತ್ತಾದರೆ ಲಕ್ಷಣಕ್ಕಾಗಿ ಕಾಯದೆ ಪಶುವೈದ್ಯರಿಗೆ ತೋರಿಸಿ. ವಸಡು ಬಿಳಚುವುದು, ಏದುಸಿರು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು ಕಂಡರೆ ಅದು ತುರ್ತು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದರಿಂದಲೂ ಜೀವಕ್ಕೆ ಅಪಾಯವಿದೆ.