ಠಾಣೆಯಲ್ಲಿ ಬರೆದ ಮೊದಲ ಹಾಳೆ

ಹೊಸಪೇಟೆಯಿಂದ ಚಿತ್ರದುರ್ಗದ ಹಾದಿ ಹಿಡಿದವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಮರಿಯಮ್ಮನಹಳ್ಳಿ ಸಿಗುತ್ತದೆ. ರಂಗಕಲಾವಿದೆಯರ ತವರೂರೆಂದು ನಾಡಿಗೆಲ್ಲ ಪರಿಚಿತವಾದ ಊರು ಅದು. 2020ನೆಯ ಇಸವಿ ಫೆಬ್ರವರಿ 10ರಂದು ಆ ಊರಿನ ಹೆಸರು ಬೇರೊಂದು ಕಾರಣದಿಂದ ಪತ್ರಿಕೆಗಳಲ್ಲಿ ಅಚ್ಚಾಯಿತು. ಬೆಲೆಬಾಳುವ ಕಾರೊಂದು ಹೆದ್ದಾರಿಯಲ್ಲಿ ಹಿಡಿತ ತಪ್ಪಿ ರಸ್ತೆಯ ಪಕ್ಕದಲ್ಲಿದ್ದ ತರುಣನೊಬ್ಬನಿಗೆ ಬಡಿಯಿತು. ಆ ತರುಣನೂ, ಕಾರಿನೊಳಗಿದ್ದವರಲ್ಲಿ ಒಬ್ಬನೂ ತೀರಿಕೊಂಡರು.

ಅನಂತರ ವಾರಗಟ್ಟಲೆ ನಡೆದ ಚರ್ಚೆಯಲ್ಲಿ ಇದ್ದುದು ಒಂದೇ ಪ್ರಶ್ನೆ: ಕಾರನ್ನು ನಡೆಸುತ್ತಿದ್ದವನು ಯಾರು? ಪೊಲೀಸರು ದಾಖಲೆಯಲ್ಲಿ ಒಬ್ಬ ಯುವಕನ ಹೆಸರು ಬರೆದಿದ್ದರು. ಜನ ಬೇರೊಂದು ಹೆಸರನ್ನು ಆಡಿಕೊಂಡರು. ಆ ಮಾತು ನಿಜವಲ್ಲವೆಂದು ಪೊಲೀಸ್ ಅಧಿಕಾರಿಗಳು ಸ್ಪಷ್ಟಪಡಿಸಿದರು. ಆ ವಿವಾದದಲ್ಲಿ ತೀರ್ಪು ಹೇಳುವ ಅಧಿಕಾರ ಈ ಅಂಕಣಕ್ಕೆ ಇಲ್ಲ. ಆ ಕುತೂಹಲವೂ ಇಲ್ಲ. ಆದರೆ ಒಂದು ಸಂಗತಿ ಮಾತ್ರ ಮನಸ್ಸಿಗೆ ನಾಟಿತು. ಊರೆಲ್ಲ ಕಾರಿನೊಳಗಿದ್ದವರ ವಿಚಾರವನ್ನೇ ಮಾತನಾಡುತ್ತಿದ್ದಾಗ, ರಸ್ತೆಯ ಬದಿಯಲ್ಲಿ ಸುಮ್ಮನೆ ಇದ್ದು ಸತ್ತವನ ಮನೆಯವರು ಏನು ಮಾಡಬೇಕು, ಯಾವ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗಬೇಕು ಎಂಬುದನ್ನು ಹೇಳಿದವರು ವಿರಳ. ಈ ವಾರ ಅದನ್ನೇ ನೋಡೋಣ.

ಅಪಘಾತವಾದ ಕೂಡಲೇ ಠಾಣೆಯಲ್ಲಿ ಹುಟ್ಟುವ ಕಾಗದಕ್ಕೆ ಪ್ರಥಮ ವರ್ತಮಾನ ವರದಿ ಎಂದು ಹೆಸರು. ಜನರ ಬಾಯಲ್ಲಿ ಎಫ್‌ಐಆರ್. ನಮ್ಮ ಕಡೆಯ ಯಾವ ಠಾಣೆಯ ವರದಿಯನ್ನಾದರೂ ತೆಗೆದು ಓದಿರಿ, ಹೆಚ್ಚುಕಡಿಮೆ ಒಂದೇ ವಾಕ್ಯ ಕಾಣುತ್ತದೆ: ಸದರಿ ವಾಹನದ ಚಾಲಕನು ಅತಿ ಜೋರಿನಿಂದಲೂ ಅಲಕ್ಷ್ಯತನದಿಂದಲೂ ನಡೆಸಿಕೊಂಡು ಬಂದು ಡಿಕ್ಕಿ ಹೊಡೆದನು. ಅಚ್ಚುಹಾಕಿಟ್ಟ ವಾಕ್ಯವೇನೋ ಎನಿಸುವಷ್ಟು ಏಕರೂಪ. 2024ರ ಜೂನ್ ಕೊನೆಯವರೆಗೆ ನಡೆದ ಅಪಘಾತಗಳಿಗೆ ಇದರ ಮುಂದೆ ಭಾರತೀಯ ದಂಡಸಂಹಿತೆಯ 279 ಮತ್ತು 304-ಎ ಕಲಮುಗಳು. ಆ ವರ್ಷದ ಜುಲೈ 1ರಿಂದ ಈಚಿನವಕ್ಕೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106. ಹಳೆಯ ಕಲಮಿನಲ್ಲಿ ಅಲಕ್ಷ್ಯದಿಂದ ಸಾವಿಗೆ ಹೆಚ್ಚೆಂದರೆ ಎರಡು ವರ್ಷ ಸೆರೆ. ಹೊಸದರಲ್ಲಿ ಐದು ವರ್ಷ. ಗುದ್ದಿ ಓಡಿಹೋದವನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬ ಉಪಕಲಮನ್ನು, 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ ತರುವಾಯ, ಜುಲೈ 1ರಂದು ಉಳಿದವುಗಳ ಜೊತೆ ಜಾರಿಗೆ ತರದೆ ತಡೆಹಿಡಿಯಲಾಯಿತು.

ಅಚ್ಚಿನ ವಾಕ್ಯ ಬರೆದುಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿದ ತನಿಖಾಧಿಕಾರಿಗಳಿಗೆ ಸರ್ವೋಚ್ಚ ನ್ಯಾಯಾಲಯ ನಮ್ಮ ರಾಜ್ಯದ ಮೊಕದ್ದಮೆಯೊಂದರಲ್ಲಿಯೇ ಪಾಠ ಹೇಳಿದೆ. 1982ರ ನವೆಂಬರಿನ ಒಂದು ಬೆಳಿಗ್ಗೆ, ಹಳ್ಳ ದಾಟುತ್ತಿದ್ದ ಟ್ರಕ್ಕೊಂದು ಮಗುಚಿ 15 ಮಂದಿ ಸತ್ತರು. ಗಾಯಗೊಂಡವರು ಇನ್ನೂ ಹೆಚ್ಚು. ಕೆಳಗಿನ ನ್ಯಾಯಾಲಯ ಚಾಲಕನಿಗೆ ಶಿಕ್ಷೆ ವಿಧಿಸಿತು. ಬೆಳಗಾವಿಯ ಸೆಷನ್ಸ್ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹೈಕೋರ್ಟು ಬಿಡುಗಡೆ ಮಾಡಿತು. ಸರ್ಕಾರ ದೆಹಲಿಗೆ ಹೋಯಿತು. 1998ರ ತೀರ್ಪು ಸಂಪುಟಗಳಲ್ಲಿ ‘ಕರ್ನಾಟಕ ರಾಜ್ಯ ವಿರುದ್ಧ ಸತೀಶ್’ ಎಂದು ಅಚ್ಚಾಗಿರುವ ಆ ನಿರ್ಣಯದ ಸಾರ ಇಷ್ಟು: ಸಾಕ್ಷಿಗಳೆಲ್ಲ ಗಾಡಿ ಜೋರಾಗಿ ಬರುತ್ತಿತ್ತು ಎಂದರು, ಆದರೆ ಜೋರು ಎಂದರೆ ಎಷ್ಟು ಎಂದು ಅಂದಾಜಿಗೂ ಒಬ್ಬರೂ ಹೇಳಲಿಲ್ಲ. ಜೋರು ಎಂಬುದು ಸಾಪೇಕ್ಷ ಮಾತು. ಅದೊಂದರಿಂದಲೇ ಅಲಕ್ಷ್ಯ ಸಿದ್ಧವಾಗುವುದಿಲ್ಲ. ಚಾಲಕನ ಬಿಡುಗಡೆ ಖಾಯಂ ಆಯಿತು.

15 ಜನರ ಸಾವು ಒಂದು ವಿಶೇಷಣದ ಮೇಲೆ ನಿಂತು ಕುಸಿಯಿತು! ರಸ್ತೆಯ ಅಗಲವೆಷ್ಟು, ಬ್ರೇಕಿನ ಗುರುತು ಎಷ್ಟು ಅಡಿ, ಗಾಜಿನ ಚೂರು ರಸ್ತೆಯ ಯಾವ ಬದಿಯಲ್ಲಿ ಬಿದ್ದಿತ್ತು, ದೀಪ ಉರಿಯುತ್ತಿತ್ತೇ ಎಂಬ ವಿವರಗಳು ಸ್ಥಳ ಮಹಜರಿನಲ್ಲಿಯೂ ಕೈನಕ್ಷೆಯಲ್ಲಿಯೂ ಮೊದಲ ದಿನವೇ ಬರಬೇಕು. ಮರುದಿನ ಮಳೆ ಬರುತ್ತದೆ, ಹತ್ತಾರು ಟಿಪ್ಪರುಗಳು ಅದೇ ಜಾಗದ ಮೇಲೆ ಹಾಯುತ್ತವೆ, ಗುರುತು ಉಳಿಯುವುದಿಲ್ಲ.

ಚಾಲಕನ ಪಕ್ಷಕ್ಕೂ ನ್ಯಾಯ ಹೇಳಬೇಕು. ಕರ್ನಾಟಕದ್ದೇ ಆದ ಸೈಯದ್ ಅಕ್ಬರ್ ಪ್ರಕರಣದಲ್ಲಿ, ರಸ್ತೆಗೆ ಅಡ್ಡ ಓಡಿಬಂದ ನಾಲ್ಕು ವರ್ಷದ ಮಗುವನ್ನು ಉಳಿಸಲೆಂದು ಬಸ್ಸನ್ನು ಬಲಕ್ಕೆ ತಿರುಗಿಸಿದ ಚಾಲಕನನ್ನು 1979ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ಅಪಘಾತ ನಡೆದಿದೆ, ಆದುದರಿಂದ ಚಾಲಕ ತಪ್ಪಿತಸ್ಥ ಎಂಬ ತರ್ಕ ಕ್ರಿಮಿನಲ್ ವಿಚಾರಣೆಯಲ್ಲಿ ನಡೆಯದು. ತಪ್ಪನ್ನು ಸಿದ್ಧಪಡಿಸುವ ಹೊರೆ ಸರ್ಕಾರದ್ದೇ ಎಂದಿತು. ಮಗು ಸತ್ತ ಮನೆಯಲ್ಲಿ ಈ ಮಾತು ಎಷ್ಟು ಕಹಿಯಾಗಿ ಕೇಳಿಸಿತೋ! ಆದರೂ ಸೆರೆಮನೆಯ ಬಾಗಿಲಲ್ಲಿ ನಿಂತವನ ದೃಷ್ಟಿಯಿಂದ ನೋಡಿದರೆ ಇದೇ ಸರಿ.

ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಚಾಲಕ ಬಿಡುಗಡೆಯಾದನೆಂದರೆ ಪರಿಹಾರವೂ ಹೋಯಿತೆಂದು ತಿಳಿದು ಮನೆಗೆ ಮರಳುತ್ತಾರೆ. ಹಾಗಲ್ಲ. ಪರಿಹಾರದ ಅರ್ಜಿಯನ್ನು ವಿಚಾರಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. 1939ರ ಕಾಯಿದೆಗೆ 1956ರಲ್ಲಿ ಮಾಡಿದ ತಿದ್ದುಪಡಿಯಿಂದ ಬಂದ ಏರ್ಪಾಡು ಇದು. ಅಲ್ಲಿ ಸಂಶಯಾತೀತವಾದ ರುಜುವಾತು ಬೇಡ. ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡಿದರೆ ಸಾಕು. ಸಂಡೂರಿನ ಘಾಟಿನಲ್ಲಿ ಅಪಘಾತವಾದರೆ ಕಂಪ್ಲಿಯವರು ಸಂಡೂರಿಗೇ ಅಲೆಯಬೇಕೆಂದೂ ಇಲ್ಲ. ತಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಗೇ ಅರ್ಜಿ ಕೊಡಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸಬೇಕು. ಅದೇ ದಿನದಿಂದ ಮತ್ತೊಂದು ಬದಲಾವಣೆಯೂ ಆಯಿತು: 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿಯನ್ನು ಮರಳಿ ತಂದು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದು ಬರೆಯಲಾಯಿತು. ಸೂತಕ ಕಳೆದು, ವರ್ಷಾಂತಿಕ ಮುಗಿಸಿ ನೋಡೋಣ ಎಂದು ಕೂತರೆ ತಕರಾರಿಗೆ ಎಡೆಯಾದೀತು.

ಲೆಕ್ಕ ಹೇಗೆ? ಕಂಪ್ಲಿಯ ಒಬ್ಬ ಗಾರೆಯವನು ಎಂದಿಟ್ಟುಕೊಳ್ಳಿರಿ. ವಯಸ್ಸು 34. ತಿಂಗಳಿಗೆ 12,000 ರೂಪಾಯಿ ದುಡಿಮೆ. ಹೆಂಡತಿ, ಇಬ್ಬರು ಮಕ್ಕಳು, ತಾಯಿ. ವರ್ಷದ ಆದಾಯ 1,44,000. 2017ರ ಪ್ರಣಯ್ ಸೇಠಿ ತೀರ್ಪಿನಂತೆ, 40 ವರ್ಷದೊಳಗಿನ ಸ್ವಂತ ದುಡಿಮೆಯವನಿಗೆ ಮುಂದಿನ ಏಳಿಗೆಗೆಂದು ನೂರಕ್ಕೆ ನಲವತ್ತು ಸೇರಿಸಿದರೆ 2,01,600. ಅವನ ಸ್ವಂತ ಖರ್ಚಿಗೆ ನಾಲ್ಕನೆಯ ಒಂದು ಭಾಗ ಕಳೆದರೆ 1,51,200. 2009ರ ಸರಳಾ ವರ್ಮ ತೀರ್ಪಿನ ಕೋಷ್ಟಕದಲ್ಲಿ ಆ ವಯಸ್ಸಿಗೆ ಗುಣಕ 16. ಒಟ್ಟು 24,19,200 ರೂಪಾಯಿ. ಅಂತ್ಯಕ್ರಿಯೆ ಮೊದಲಾದವು ಬೇರೆ. ಆದರೆ ತಿಂಗಳಿಗೆ 12,000 ದುಡಿಯುತ್ತಿದ್ದನೆಂದು ತೋರಿಸುವ ಕಾಗದ ಯಾವುದು? ಗಾರೆಯವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಬ್ಯಾಂಕಿನ ಪುಸ್ತಕ, ಕಾರ್ಮಿಕ ಮಂಡಳಿಯ ಗುರುತಿನ ಚೀಟಿ, ಕಂತ್ರಾಟುದಾರನ ಸಾಕ್ಷ್ಯ, ಇವುಗಳಲ್ಲಿ ಒಂದೂ ಇಲ್ಲವಾದರೆ ನ್ಯಾಯಮಂಡಳಿ ತಾನೇ ಒಂದು ಅಂದಾಜು ಕಟ್ಟುತ್ತದೆ.

ಹಣ ಕೊಡುವುದು ಸಾಮಾನ್ಯವಾಗಿ ವಿಮಾ ಕಂಪನಿ. ನಮ್ಮ ಸೀಮೆಯ ನಿಜವಾದ ಸಂಕಟ ಇರುವುದು ಇಲ್ಲಿ. ಕಂಪ್ಲಿಯ ಗದ್ದೆಗಳಿಗೆ ನಾಟಿಗೆಂದು ಹೆಣ್ಣಾಳುಗಳನ್ನು ಸಾಗಿಸುವುದು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ, ಇಲ್ಲವೇ ಸರಕು ಸಾಗಿಸುವ ಪುಟ್ಟ ಗಾಡಿಯಲ್ಲಿ. ಬೆಳಗಿನ ಜಾವ ಆ ದಾರಿಯಲ್ಲಿ ಹೋದವರೆಲ್ಲ ನೋಡಿದ್ದಾರೆ: ಬುತ್ತಿಯ ಗಂಟು ಹಿಡಿದು, ಒಬ್ಬರ ತೋಳಿಗೆ ಒಬ್ಬರು ಒತ್ತಿಕೊಂಡು ನಿಂತವರು. ಗಾಡಿ ಕಾಲುವೆಗೆ ಉರುಳಿದರೆ? ಸರಕಿನ ಗಾಡಿಯಲ್ಲಿ ಸುಮ್ಮನೆ ಪ್ರಯಾಣಿಸಿದವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು 2003ರ ಆಶಾ ರಾಣಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹೊಣೆ ಮಾಲಿಕನದು. ಅವನೂ ಎರಡು ಎಕರೆಯ ಸಾಲಗಾರನಾಗಿದ್ದರೆ ತೀರ್ಪಿನ ಪ್ರತಿ ಗೋಡೆಗೆ ಅಂಟಿಸಿಕೊಳ್ಳಲು ಆದೀತೇ ಹೊರತು ಅನ್ನಕ್ಕೆ ಒದಗದು.

ಆಟೋದಲ್ಲಿ ಮಿತಿಮೀರಿ ಕುಳಿತರೆ ಬೇರೆ ತೊಡಕು. ಪರವಾನಗಿಯಲ್ಲಿ ಎಷ್ಟು ಪ್ರಯಾಣಿಕರಿಗೆ ವಿಮೆಯಿದೆಯೋ ಅಷ್ಟು ಜನರ ಮೊತ್ತವನ್ನು ಮಾತ್ರ ಆ ಆಟೋದ ವಿಮಾ ಕಂಪನಿ ಕಟ್ಟಬೇಕು, ಅದನ್ನು ಎಲ್ಲರಿಗೂ ಹಂಚಬೇಕು ಎಂದು 2007ರಲ್ಲಿ ನಿರ್ಣಯವಾಯಿತು. ಎದುರಿನ ಲಾರಿಯದೇ ತಪ್ಪೆಂದು ಸಿದ್ಧವಾದರೆ ಮಾತು ಬೇರೆ. ಆಗ ಲಾರಿಯ ವಿಮಾ ಕಂಪನಿ ಎಲ್ಲರಿಗೂ ಹೊಣೆ. 2023ರ ಜೂನ್ 30ರಂದು ಹೊಸಪೇಟೆಯ ಬಳಿ ಲಾರಿ ಮತ್ತು ಎರಡು ಆಟೋಗಳ ಡಿಕ್ಕಿಯಲ್ಲಿ ಏಳು ಮಂದಿ ಸತ್ತರು. ಅದೇ ವರ್ಷ ಅಕ್ಟೋಬರ್ 9ರಂದು ಟಿಪ್ಪರುಗಳಿಗೂ ಕ್ರೂಸರಿಗೂ ಡಿಕ್ಕಿಯಾಗಿ ಮತ್ತೆ ಏಳು ಮಂದಿ. ಇಂಥ ದುರಂತಗಳಲ್ಲಿ ತಪ್ಪು ಯಾವ ವಾಹನದ್ದು ಎಂಬ ಒಂದು ಸಾಲು ಎಷ್ಟು ಮನೆಗಳ ಒಲೆಯ ಪ್ರಶ್ನೆಯಾಗುತ್ತದೆಂಬುದನ್ನು ಓದುಗರೇ ಊಹಿಸಬಹುದು.

ಹಂಪಿಗೆ ಹೋಗುವ ಮಕ್ಕಳಿಗೆ ಒಂದು ಕಿವಿಮಾತು. ಬಾಡಿಗೆಗೆ ಕೊಡುವ ಸ್ವಚಾಲಿತ ದ್ವಿಚಕ್ರಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿಯ ಫಲಕದ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಸ್ವಂತ ಬಳಕೆಯ ಗಾಡಿ. ಬಾಡಿಗೆಗೆ ಓಡಿಸಿದಾಗ ಅಪಘಾತವಾದರೆ ವಿಮಾ ಕಂಪನಿ ಷರತ್ತಿನ ಉಲ್ಲಂಘನೆಯನ್ನು ಎತ್ತಿ ಹಿಡಿಯುತ್ತದೆ. ಪ್ರಾಯ ತುಂಬದ ಮಗನ ಕೈಗೆ ಗಾಡಿ ಕೊಟ್ಟ ತಂದೆಗೆ 2019ರ ತಿದ್ದುಪಡಿಯಂತೆ ಮೂರು ವರ್ಷ ಸೆರೆ, 25,000 ರೂಪಾಯಿ ದಂಡ.

ಸಂಡೂರಿನ ಕಡೆಗೆ ತಿರುಗೋಣ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವ ಮೊದಲು, ಅದಿರಿನ ಲಾರಿಗಳ ಸಾಲು ಆ ಗುಡ್ಡಗಳ ರಸ್ತೆಯಲ್ಲಿ ಮುಗಿಯುತ್ತಲೇ ಇರಲಿಲ್ಲ. ಕೆಂಪು ಧೂಳಿನಲ್ಲಿ ಸಂಖ್ಯಾಫಲಕವೇ ಕಾಣುತ್ತಿರಲಿಲ್ಲ. ಮಿತಿಮೀರಿದ ಭಾರಕ್ಕೆ ಹಿಂದೆ ಇದ್ದ ದಂಡ 2,000 ರೂಪಾಯಿ. 2019ರ ತಿದ್ದುಪಡಿ ಅದನ್ನು 20,000ಕ್ಕೆ ಏರಿಸಿ, ಹೆಚ್ಚುವರಿ ಟನ್ನಿಗೆ ತಲಾ 2,000 ಸೇರಿಸಿತು. ಗುದ್ದಿದ ಲಾರಿ ಪತ್ತೆಯೇ ಆಗದಿದ್ದರೂ ದಾರಿ ಮುಚ್ಚಿಲ್ಲ: 2022ರ ಯೋಜನೆಯಂತೆ ಸತ್ತವರ ಮನೆಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಅರ್ಜಿ ಕೊಡಬೇಕಾದುದು ತಹಸೀಲ್ದಾರರ ಇಲ್ಲವೇ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ. ಮೊದಲು ಈ ಮೊತ್ತ ಬರಿಯ 25,000 ಮತ್ತು 12,500 ಆಗಿತ್ತು.

ಓಡುವವನನ್ನು ಪೊಲೀಸರು ಬೆನ್ನಟ್ಟಬಾರದೇ ಎಂದು ಕೆಲವರು ಕೇಳುತ್ತಾರೆ. ಸಿನಿಮಾದಲ್ಲಿ ಅದು ಚೆನ್ನ. 2025ರ ಮೇ 26ರಂದು ಮಂಡ್ಯದಲ್ಲಿ, ನಾಯಿ ಕಚ್ಚಿದ ಪುಟ್ಟ ಮಗಳನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ತಂದೆತಾಯಿಯರ ಬೈಕನ್ನು ಹೆಲ್ಮೆಟ್ ತಪಾಸಣೆಗೆಂದು ತಡೆದಾಗ, ಮಗು ಕೆಳಗೆ ಬಿದ್ದು ಲಾರಿಗೆ ಸಿಕ್ಕಿ ಸತ್ತಿತು. ಮೂವರು ಸಹಾಯಕ ಸಬ್ ಇನ್ಸ್‌ಪೆಕ್ಟರರು ಅಮಾನತಾದರು. ತರುವಾಯ ರಾಜ್ಯ ಪೊಲೀಸ್ ಮುಖ್ಯಸ್ಥರಿಂದ ಸೂಚನೆ ಹೊರಟಿತು: ವಾಹನಕ್ಕೆ ದಿಢೀರನೆ ಅಡ್ಡ ಬರಬಾರದು, ಕೀಲಿಕೈ ಕಿತ್ತುಕೊಳ್ಳಬಾರದು, ವೇಗವಾಗಿ ಹೋಗುವವನನ್ನು ಬೆನ್ನಟ್ಟುವ ಬದಲು ಸಂಖ್ಯೆಯನ್ನು ಗುರುತು ಹಾಕಿಕೊಂಡು ನಿಯಂತ್ರಣ ಕೊಠಡಿಗೆ ತಿಳಿಸಬೇಕು.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕನನ್ನು ಸಾಕ್ಷಿಯಾಗೆಂದು ಒತ್ತಾಯಿಸುವಂತಿಲ್ಲ; ಅವನ ರಕ್ಷಣೆಗೆಂದೇ ಕರ್ನಾಟಕ 2016ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿದೆ. ಇನ್ನು ಮನೆಯವರ ವಿಷಯ. ಠಾಣೆಯಲ್ಲಿ ಫಿರ್ಯಾದಿಯನ್ನು ಬರೆದುಕೊಂಡ ಮೇಲೆ ಓದಿ ಹೇಳುವುದು ಅಧಿಕಾರಿಯ ಕರ್ತವ್ಯ, ಸಹಿ ಆಮೇಲೆ. ಅಳುವಿನ ನಡುವೆಯೂ ಜೊತೆಗೆ ಹೋದ ಅಣ್ಣನೋ ಭಾವನೋ ಗಮನಿಸಬೇಕಾದ ಸಂಗತಿ ಮೂರು ನಾಲ್ಕು: ವಾಹನದ ಸಂಖ್ಯೆ, ಚಾಲಕನ ಹೆಸರು, ರಸ್ತೆಯ ಯಾವ ಬದಿ, ವೇಳೆ ಎಷ್ಟು. ಆ ವರದಿಯ ಪ್ರತಿಯೊಂದನ್ನು ಹಣ ತೆಗೆದುಕೊಳ್ಳದೆ ಕೊಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು.