ಭೂಕಂಪ ಇಲ್ಲವೆಂದರೆ ಅಪಾಯ ಇಲ್ಲವೆಂದೇ?



೨೦೨೪ನೇ ಇಸವಿ ಆಗಸ್ಟ್ ೯ರ ಬೆಳಿಗ್ಗೆ ವಯನಾಡಿನ ಅಂಬಲವಯಲ್, ನೆನ್ಮೇನಿ ಮೊದಲಾದ ಕಡೆಗಳಲ್ಲಿ ನೆಲದೊಳಗಿಂದ ಗುಡುಗಿನಂಥ ಸದ್ದು ಕೇಳಿಬಂತು. ಮುಂಡಕ್ಕೈ, ಚೂರಲ್‌ಮಲೆಗಳು ಮಣ್ಣುಪಾಲಾಗಿ ಆಗ ಹತ್ತೇ ದಿನ. ಜನರು ಮಕ್ಕಳನ್ನು ಎತ್ತಿಕೊಂಡು ಮನೆಯಿಂದ ಹೊರಗೆ ಓಡಿದ್ದರಲ್ಲಿ ಆಶ್ಚರ್ಯವೇನಿದೆ? ಅದೇ ದಿನ ರಾಷ್ಟ್ರೀಯ ಭೂಕಂಪ ಕೇಂದ್ರವು ಭೂಕಂಪವೇನೂ ದಾಖಲಾಗಿಲ್ಲವೆಂದು ತಿಳಿಸಿತು. ಕುಸಿತದಲ್ಲಿ ರಾಶಿಬಿದ್ದ ಬಂಡೆಗಳು ಇನ್ನೂ ಕೆಳಕ್ಕೆ ಸರಿದು ಕೂರುವಾಗ ಆ ಸದ್ದು ಹುಟ್ಟಿರಬಹುದೆಂದೂ ಹೇಳಿತು. "ಇವರ ಮಾತು ನಂಬಿ ಕೂತರೆ ನಮ್ಮ ಗತಿಯೇನು?" ಎಂಬ ಪ್ರಶ್ನೆ ಅಂಥ ಹೊತ್ತಿನಲ್ಲಿ ಏಳುವುದು ಸಹಜ.

ಈ ಅಪನಂಬಿಕೆ ಬರಿಯ ಅಜ್ಞಾನವಲ್ಲ. ಜುಲೈ ೩೦ರ ನಡುರಾತ್ರಿ ಬೆಟ್ಟ ಜಾರಿ ಇನ್ನೂರಕ್ಕೂ ಹೆಚ್ಚು ಜೀವ ಹೋದ ಮೇಲೆ ನಾವು ಕೇಳಿದ್ದೇನು? ಎಚ್ಚರಿಕೆ ಮೊದಲೇ ಕೊಟ್ಟಿದ್ದೆವೆಂದು ಕೇಂದ್ರ ಹೇಳಿತು. ಕುಸಿತಕ್ಕೆ ಮುಂಚೆ ಬಂದದ್ದು ಕಿತ್ತಳೆ ಬಣ್ಣದ ಸೂಚನೆ, ಕೆಂಪು ಬಂದದ್ದು ಎಲ್ಲ ಮುಗಿದ ಮೇಲೆ ಎಂದು ರಾಜ್ಯ ಹೇಳಿತು. ಹೆಣ ಹುಡುಕುತ್ತಿದ್ದವರ ಮುಂದೆ ಬಣ್ಣದ ವಾದ ನಡೆಯಿತು. ನಂಬಿಕೆ ಎಲ್ಲಿ ಉಳಿದೀತು?

ಆದರೂ ಎರಡು ಸಂಗತಿಗಳನ್ನು ನಾವು ಬೇರೆ ಬೇರೆಯಾಗಿ ತಿಳಿಯಬೇಕು. ಭೂಕಂಪ ಇಂಥ ದಿನ, ಇಂಥ ಊರಲ್ಲಿ ಆಗುತ್ತದೆಂದು ಮುಂಚಿತವಾಗಿ ಹೇಳಬಲ್ಲವರು ಲೋಕದಲ್ಲಿ ಯಾರೂ ಇಲ್ಲ. ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ೧೯೯೨ರಲ್ಲಿ ಸಣ್ಣ ನಡುಕಗಳು ಬಂದು ನಿಂತವು. ಮರುವರ್ಷ ಸೆಪ್ಟೆಂಬರ್ ೩೦ರ ಬೆಳಗಿನ ಜಾವ ದೊಡ್ಡದು ಬಂತು. ಕಲ್ಲುಮಣ್ಣಿನ ಗೋಡೆಗಳಡಿ ಸಾವಿರಾರು ಜನ ಸತ್ತರು. ಆ ಸೀಮೆ ಭೂಕಂಪದ ಭಯ ತೀರ ಕಡಿಮೆಯೆಂದು ನಕ್ಷೆಯಲ್ಲಿ ಗುರುತಾಗಿದ್ದ ಸೀಮೆ. ಆದುದರಿಂದ ತಾರೀಖು ಹೇಳುವವನು ಜ್ಯೋತಿಷಿಯಾಗಲಿ, ಮೊಬೈಲಿನಲ್ಲಿ ಸುದ್ದಿ ಕಳಿಸುವವನಾಗಲಿ, ಅವನನ್ನು ನಂಬಬೇಡಿ.

ಹೇಳಲಾಗದ್ದನ್ನು ಹೇಳಲಿಲ್ಲವೆಂದು ಅಧಿಕಾರಿಯನ್ನು ದೂರುವುದು ನ್ಯಾಯವಲ್ಲ. ತಿಳಿಯದಿದ್ದರೂ "ಭಯವಿಲ್ಲ" ಎನ್ನುವುದು ಮಾತ್ರ ತಪ್ಪೇ. ಇಟಲಿಯ ಲಾಕ್ವಿಲಾದಲ್ಲಿ ೨೦೦೯ರಲ್ಲಿ ಪದೇ ಪದೇ ನೆಲ ನಡುಗುತ್ತಿದ್ದಾಗ ಅಧಿಕಾರಿಯೊಬ್ಬರು ಜನರಿಗೆ ಧೈರ್ಯ ಹೇಳಿದರು. ಒಂದು ವಾರದೊಳಗೆ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮೊಕದ್ದಮೆಯಲ್ಲಿ ಆರು ವಿಜ್ಞಾನಿಗಳು ೨೦೧೪ರಲ್ಲಿ ಬಿಡುಗಡೆಯಾದರು. ಧೈರ್ಯ ಹೇಳಿದ ಅಧಿಕಾರಿಯ ಶಿಕ್ಷೆ ಕಡಿಮೆಯಾಯಿತೇ ಹೊರತು ರದ್ದಾಗಲಿಲ್ಲ.

ಬೆಟ್ಟ ಜಾರುವುದು ಬೇರೆ ಸಂಗತಿ. ಅದಕ್ಕೆ ಮಳೆಯ ಲೆಕ್ಕವಿದೆ. ಜುಲೈ ೨೯ರಂದು ಕಲ್ಪೆಟ್ಟದ ಹ್ಯೂಮ್ ಕೇಂದ್ರವು ಸ್ಥಳೀಯ ಮಳೆಮಾಪಕಗಳನ್ನು ನೋಡಿಯೇ ಜಿಲ್ಲಾಡಳಿತಕ್ಕೆ ಅಪಾಯ ತಿಳಿಸಿತ್ತು. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಒಮ್ಮೆಲೇ ಕೆಂಪಾದ ಅಥವಾ ಬತ್ತಿದ ತೊರೆ, ಒಳಗಿನ ಗುಡುಗು, ಇವೆಲ್ಲ ಕುಸಿತದ ಗುರುತುಗಳು. ಹಾಗಾದರೆ ಆಗಸ್ಟ್ ೯ರಂದು ಯಂತ್ರ ಹೇಳಿದ್ದೂ ನಿಜ, ಓಡಿದ ತಾಯಿ ಮಾಡಿದ್ದೂ ಸರಿ. ಭೂಕಂಪ ಇಲ್ಲವೆಂದರೆ ಅಪಾಯ ಇಲ್ಲವೆಂದು ಅರ್ಥವಲ್ಲ.

ನಾವು ಕೇಳಬೇಕಾದದ್ದು ಭವಿಷ್ಯವಲ್ಲ, ವ್ಯವಸ್ಥೆ. ಒಂದನೆಯದಾಗಿ, ಪ್ರತಿ ತೋಟದಲ್ಲಿ ಮಳೆಮಾಪಕವಿದ್ದು, ದಿನದ ಅಳತೆಯನ್ನು ಮಸ್ಟರ್ ಕರೆಯುವ ಜಾಗದಲ್ಲಿ ಬರೆದು ಹಾಕಬೇಕು. ಎರಡನೆಯದಾಗಿ, ಎಚ್ಚರಿಕೆ ನಮ್ಮ ಭಾಷೆಗಳಲ್ಲಿ, ಕನ್ನಡದಲ್ಲಿಯೂ ತಮಿಳು ಮಲಯಾಳಗಳಲ್ಲಿಯೂ, ಲೈನ್ ಮನೆಯ ಬಾಗಿಲಿಗೆ ಬರಬೇಕು. ಎಲ್ಲಿಗೆ ಹೋಗಬೇಕೆಂಬುದನ್ನೂ ಅದು ಹೇಳಬೇಕು. ಮೂರನೆಯದಾಗಿ, ಎಚ್ಚರಿಕೆಯ ದಿನ ಮನೆ ಬಿಟ್ಟವರ ಹಾಜರಿ ಕತ್ತರಿಸಬಾರದು. ಜೀವ ಉಳಿಸಿಕೊಂಡದ್ದಕ್ಕೆ ಕೂಲಿ ಹೋಗುವುದಾದರೆ ಮುಂದಿನ ಸಲ ಯಾರು ಹೊರಡುತ್ತಾರೆ?

ಈ ಮೂರನ್ನೂ ಮುಂದಿನ ಮಳೆಗಾಲಕ್ಕೆ ಮೊದಲು ನಿಮ್ಮ ಯೂನಿಯನ್ ಸಭೆಯಲ್ಲಿ ಎತ್ತಿರಿ, ಬರವಣಿಗೆಯಲ್ಲಿ ಕೊಡಿರಿ, ಉತ್ತರವನ್ನೂ ಬರವಣಿಗೆಯಲ್ಲಿ ಕೇಳಿರಿ.